ಒಂದೇ ಕೂಗು

ಶಿರಾ
18-8-1985

ಕದಿರಯ್ಯ ಮೇಷ್ಟ್ರಿಗೆ,

ಇದು ನಾನು ಬರೆಯುತ್ತಿರುವ ಮೂರನೇ ಕಾಗದ. ಮೊದಲಿನ ಎರಡಕ್ಕೂ ನಿನ್ನಿಂದ ಉತ್ತರವಿಲ್ಲ. ಬಲಸಮುದ್ರದ ಪೋಸ್ಟ್‌ಮ್ಯಾನ್‌ನನ್ನು ಬೈದುಕೊಂಡು ಸುಮ್ಮನಾಗೋಣ ಎಂದುಕೊಂಡಿದ್ದೆ. ಆಮೇಲೆ ನಮ್ಮ ಹುಚ್ಚಣ್ಣ ಹೇಳುತ್ತಿದ್ದದ್ದು ನೆನಪಾಯಿತು. ಅವರ ಗೊಲ್ಲರಹಟ್ಟಿಯಲ್ಲಿ ಬೈಗಿನ ಹೊತ್ತು ಬೇಲಿಯಾಚೆಯಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲನೇ ಕೂಗಿಗೆ ಓ ಎನ್ನುವುದಿಲ್ಲ, ಎರಡನೆಯದಕ್ಕೂ ಇಲ್ಲ. ಸತ್ತವರು ಒಂದೇ ಸಲ ಕೂಗುತ್ತಾರಂತೆ, ಓ ಎಂದವರನ್ನು ಜೊತೆಗೆ ಕರೆದೊಯ್ಯುತ್ತಾರಂತೆ. ಮೂರು ಸಲ ಕೂಗುವವರು ಬದುಕಿರುವವರಂತೆ. 'ಅದ್ಕೇ ಕಣ್ಲಾ ಗಂಗ, ಒಂದ್ ಲೋಟ ಮಜ್ಜಿಗೆಗೆ ನಾನು ಮೂರ್ ಸಲ ಬಾಯಿ ಬಡ್ಕಬೇಕು' ಎಂದು ನಗುತ್ತಿದ್ದ. ನಾನಿನ್ನೂ ಬದುಕಿದ್ದೇನೆ ಮಾರಾಯ. ಓ ಎನ್ನು.

ನಮ್ಮ ಬೆಳ್ಳಿಚುಕ್ಕಿ ಎಲೆಕ್ಟ್ರಿಕ್ ಪಾರ್ಟಿಯ ಹಾಡಿನ ಎರಡನೇ ಪ್ಲೇಟು ಆಗುತ್ತಿದೆ. ಪ್ಲೇಟಲ್ಲ, ಈಗೆಲ್ಲ ಕ್ಯಾಸೆಟ್. ತುಮಕೂರಿನಲ್ಲಿ ಜಯರಾಮಯ್ಯ ಎನ್ನುವವರು ಕ್ಯಾಸೆಟ್ ಕಂಪನಿ ತೆಗೆದಿದ್ದಾರೆ. ಎಪ್ಪತ್ನಾಲ್ಕರಲ್ಲಿ ನಾವು ಮಾಡಿದ 'ಚುಕ್ಕಿ ದಾರಿ' ಅವರ ಮನೆಯಲ್ಲಿ ಸವೆದು ಸವೆದು ಕೆಮ್ಮುತ್ತಿದೆ. ಮುಂದಿನ ಬೇಸಿಗೆಗೆ ಆಕಾಶದಲ್ಲಿ ಬಾಲದ ಚುಕ್ಕಿ ಬರುತ್ತದಲ್ಲ, ಅಷ್ಟರೊಳಗೆ ಹೊಸದು ಅಂಗಡಿಗೆ ಬರಬೇಕೆಂದು ಅವರ ಹಟ. ಇಲ್ಲಿ ನನ್ನ ರೇಡಿಯೋ ರಿಪೇರಿ ಅಂಗಡಿಗೂ ಕಡಲೆಕಾಯಿ ಮಂಡಿಯ ಸಾಬರು ವಾರ ವಾರ ಬಂದು 'ಕ್ಯಾ ಭಾಯ್, ಆ ಆಸ್ಮಾನಿನ ಹಾಡು ಇನ್ನೊಂದು ಯಾವಾಗ?' ಎಂದು ಕೇಳುವುದನ್ನು ಬಿಟ್ಟಿಲ್ಲ. ಮದುವೆಮನೆಯಲ್ಲಿ ನಮ್ಮ ಒಂದು ಹಾಡು ಮುಗಿಯುವಷ್ಟರಲ್ಲಿ ಎರಡು ಪಂಕ್ತಿ ಊಟ ಎದ್ದುಹೋಗುತ್ತಿತ್ತು, ನೆನಪಿದೆಯಾ? ಆಗ ಬೈದವರೇ ಈಗ ಕೇಳುತ್ತಿದ್ದಾರೆ.

ಹುಚ್ಚಣ್ಣನಿಲ್ಲದೆ ಎಂಥ ಪಾರ್ಟಿ ಎನ್ನುತ್ತೀಯ. ಅವನ ಗಣೆ ಕೊಳಲಿನ ದನಿ ನನ್ನ ಹತ್ತಿರ ಇದೆ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಹಟ್ಟಿಯ ಬೇಲಿಯ ಹೊರಗೆ ಕೂತು ಅವನು ಆ ಆಳುದ್ದದ ಬಿದಿರು ಊದಿದ್ದನ್ನು ನಾವಿಬ್ಬರೂ ಸ್ಪೂಲ್ ಟೇಪಿನಲ್ಲಿ ಹಿಡಿದೆವಲ್ಲ, ಅದು ಹಾಳಾಗಿಲ್ಲ. ಅದರ ಸುತ್ತ ಒಂದು ದೊಡ್ಡ ಹಾಡು ಕಟ್ಟೋಣ. ಆರ್ಗನ್ನಿಗೆ ನಾನಿದ್ದೇನೆ, ಡ್ರಮ್ಮಿಗೆ ರೇಣುಕಯ್ಯ ಬರುತ್ತಾನೆ. ಗಿಟಾರಿಗೆ ನೀನಿಲ್ಲದೆ ಆಗುವುದಿಲ್ಲ. ಪಾರ್ಟಿ ಬಿಟ್ಟು ಮೇಷ್ಟ್ರ ಕೆಲಸಕ್ಕೆ ಹೋದೆ ಎಂಬ ಸಿಟ್ಟು ನನಗಿತ್ತು. ಈಗಲೂ ಸ್ವಲ್ಪ ಇದೆ. ಬಂದರೆ ಹೋಗುತ್ತದೆ.

ದಾರಿ ನೋಡುತ್ತಿರುವ,
ಗಂಗಹನುಮಯ್ಯ

*

ಬಲಸಮುದ್ರ
2-9-1985

ಮಾನ್ಯ ಗಂಗಹನುಮಯ್ಯನವರಿಗೆ,

ಮೂರು ಕಾಗದಗಳೂ ತಲುಪಿವೆ. ಪೋಸ್ಟ್‌ಮ್ಯಾನ್‌ನನ್ನು ಬೈಯಬೇಡಿ.

ನಾನು ಗಿಟಾರ್ ಮುಟ್ಟದೆ ಬಹಳ ಕಾಲವಾಯಿತು. ಅಟ್ಟದ ಮೇಲಿದೆ, ತಂತಿಗೆ ತುಕ್ಕು ಹಿಡಿದಿದೆ. ಮಕ್ಕಳಿಗೆ ಸೂರ್ಯ, ಚಂದ್ರ, ಗ್ರಹಗಳ ಪಾಠ ಮಾಡುವಾಗ ನಮ್ಮ ಹಾಡುಗಳ ಪದ ಬಾಯಿಗೆ ಬರುತ್ತದೆ. ನುಂಗಿಕೊಂಡು ಪಾಠ ಮುಂದುವರಿಸುತ್ತೇನೆ.

ನೀವು ಶಿರಾದಲ್ಲಿದ್ದೀರಿ. ನಾನಿರುವುದು ಹುಚ್ಚಣ್ಣನ ಹಟ್ಟಿಯ ಕೂಗಳತೆಯಲ್ಲಿ. ಅವನು ಕಾಣೆಯಾದ ವಾರ ನಿಮಗೆ ನೆನಪಿರಬೇಕು. ಅಮೆರಿಕದವರ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು ಊರಿಗೆ ಊರೇ ಕೋಳಿ ಕೊಯ್ದು ತಿನ್ನುತ್ತಿತ್ತು. ಅವನು ಎಂದಿನಂತೆ ಕುರಿ ಹೊಡೆದುಕೊಂಡು ರಾಜ್ಯದ ಗಡಿಯ ಗುಡ್ಡದ ಕಡೆ ಹೋದ. ಕುರಿಗಳು ತಾವಾಗಿಯೇ ಹಟ್ಟಿಗೆ ಬಂದವು. ಅವನು ಬರಲಿಲ್ಲ. ಸ್ಕೈಲ್ಯಾಬ್ ಬಿದ್ದದ್ದು ಆಸ್ಟ್ರೇಲಿಯಾದಲ್ಲಿ ಎಂದು ನಾನು ಪೇಪರ್ ಓದಿ ಹೇಳಿದರೂ, ಆಕಾಶದ ಹಾಡು ಹೇಳುತ್ತಿದ್ದವನನ್ನು ಆಕಾಶವೇ ಎತ್ತಿಕೊಂಡಿತು ಎಂದು ಇಲ್ಲಿಯ ಜನ ಇವತ್ತಿಗೂ ನಂಬುತ್ತಾರೆ. ಹೆಣ ಸಿಗಲಿಲ್ಲವಾದ್ದರಿಂದ ತಿಥಿಯೂ ಆಗಿಲ್ಲ. ಅವನ ಹೆಂಡತಿ ಜುಂಜಮ್ಮ ಬಳೆ ತೆಗೆದಿಲ್ಲ. ತೆಗೆಸಲು ಬಂದವರನ್ನು ಕೋಲು ಹಿಡಿದು ಓಡಿಸಿದ್ದಾಳೆ.

ಆದ್ದರಿಂದ ಆ ಟೇಪನ್ನು ಮುಟ್ಟುವ ಮೊದಲು ಅವಳನ್ನು ಕೇಳಬೇಕು. ಗಣೆ ನಿಂತ ಮೇಲೆ ಟೇಪಿನ ಕೊನೆಯಲ್ಲಿ ಇನ್ನೊಂದಿದೆ. ಅದು ಹಾಗೆಯೇ ಇದೆಯೇ?

ದಸರಾ ರಜೆಯಲ್ಲಿ ತುಮಕೂರಿಗೆ ಬರಲು ಆಗುತ್ತದೋ ನೋಡುತ್ತೇನೆ. ಮಾತು ಕೊಡುವುದಿಲ್ಲ.

ಇಂತಿ,
ಕದಿರಯ್ಯ

*

ಶಿರಾ
4-11-1985

ಪ್ರಿಯ ಕದಿರಿ,

'ನೀವು' ಅಂತೆ, 'ಮಾನ್ಯ' ಅಂತೆ! ಆದರೆ ದಸರಾಕ್ಕೆ ತುಮಕೂರಿಗೆ ಬಂದು ಗಿಟಾರ್ ಎತ್ತಿಕೊಂಡೆಯಲ್ಲ, ಮೊದಲ ಎಳೆತಕ್ಕೇ ಜಯರಾಮಯ್ಯ ಕುರ್ಚಿಯಿಂದ ಎದ್ದು ನಿಂತರು. ಹೋಗುವಾಗ ಹೇಳದೆ ಹೋದೆ. ಹೋಗಲಿ ಬಿಡು, ಹಳೇ ಚಾಳಿ.

ನೀನು ಹೋದ ಮೇಲೆ ದೊಡ್ಡ ಹಾಡಿಗೆ ಕೊನೆ ಸಿಕ್ಕಿತು. ಟೇಪಿನ ಕೊನೆಯಲ್ಲಿರುವುದು ಹಾಗೆಯೇ ಇದೆ ಕದಿರಿ. ಗಣೆ ಕೆಳಗಿಟ್ಟ ಸದ್ದು, ಆಮೇಲೆ ಹಟ್ಟಿಯ ಕಡೆ ತಿರುಗಿ ಅವನು ಕೂಗಿದ್ದು, 'ಜುಂಜೀ...' ಎಂದು. ಮಜ್ಜಿಗೆಗೆ. ಒಂದು ಸಲ ಕೂಗುವಷ್ಟರಲ್ಲಿ ಸ್ಪೂಲು ಮುಗಿದುಹೋಗಿತ್ತು.

ಆ ಒಂದು ಕೂಗನ್ನು ನಾನು ನಮ್ಮ ಗಿಣಿ ಪೆಟ್ಟಿಗೆಗೆ ಹಾಕಿದೆ. ಹೆಸರಿಟ್ಟವನು ನೀನೇ. ಹಳೇ ರೆಕಾರ್ಡರಿನ ಹೊಟ್ಟೆ ಬಗೆದು ನಾನು ಕಟ್ಟಿದ ಆ ಪೆಟ್ಟಿಗೆ, ಒಮ್ಮೆ ಹೇಳಿದ್ದನ್ನು ಇನ್ನೂ ಎರಡು ಸಲ ಹೇಳುತ್ತದಲ್ಲ, ಪ್ರತಿ ಸಲವೂ ಇನ್ನಷ್ಟು ದೂರದಿಂದ. ಹಾಗಾಗಿ ಹಾಡಿನ ಕೊನೆಗೆ ಹುಚ್ಚಣ್ಣ ಮೂರು ಸಲ ಕೂಗುತ್ತಾನೆ. ಮೊದಲು ಪಕ್ಕದಲ್ಲೇ, ಆಮೇಲೆ ಕೆರೆಯಾಚೆ, ಕೊನೆಗೆ ಎಲ್ಲೋ ಚುಕ್ಕಿಗಳ ನಡುವೆ. ರೇಣುಕಯ್ಯ ಡ್ರಮ್ಮಿನ ಕೋಲು ಕೆಳಗಿಟ್ಟು ಹೊರಗೆ ಹೋಗಿ ಅತ್ತ. ಇಷ್ಟು ವರ್ಷ ನಾವು ಮಾಡಬೇಕೆಂದಿದ್ದ ಹಾಡು ಇದೇ ಕಣೋ.

ಕ್ಯಾಸೆಟ್ಟನ್ನು ಪಾವಗಡದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ್ದೇನೆ. ಮನೆಯವರನ್ನು ಕೇಳುವ ಕೆಲಸ ನನ್ನದು ಎಂದು ನೀನೇ ಹೇಳಿದ್ದೆಯಲ್ಲ, ಹುಚ್ಚಣ್ಣನ ಅಣ್ಣ ಬೋರಣ್ಣನಿಗೂ ಜುಂಜಮ್ಮನಿಗೂ ಕೇಳಿಸಿ ಒಪ್ಪಿಗೆ ತೆಗೆದುಕೋ.

ಹಿಗ್ಗಿನಲ್ಲಿರುವ,
ಗಂಗ

*

ಬಲಸಮುದ್ರ
24-11-1985

ಗಂಗಣ್ಣ,

ಆಗಬಾರದ್ದು ಆಗಿಹೋಯಿತು.

ಮೊದಲು ಬೋರಣ್ಣನಿಗೆ ಕೇಳಿಸೋಣ, ಅವನ ಮೂಲಕ ಜುಂಜಮ್ಮನಿಗೆ ಹೇಳಿಸೋಣ ಎಂದುಕೊಂಡು ಹೋದೆ. ಬೋರಣ್ಣ ಕುರಿಯೊಂದಿಗೆ ಮರಳುವುದೇ ಬೈಗಿಗೆ. ಹಟ್ಟಿಯ ಒಳಗೆ ನಮ್ಮ ಕೇರಿಯವರು ಕಾಲಿಡುವಂತಿಲ್ಲ, ನಿನಗೆ ಗೊತ್ತು. ಹುಚ್ಚಣ್ಣ ಇದ್ದಾಗಲೂ ನಾನು ಹೊರಗಿನ ಕಲ್ಲಿನ ಮೇಲೆ ಕೂರುತ್ತಿದ್ದೆ, ಅವನೇ ಗಣೆ ಹಿಡಿದು ಹೊರಗೆ ಬರುತ್ತಿದ್ದ. ಅದೇ ಕಲ್ಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟೆ. ಬೋರಣ್ಣ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ತಮ್ಮನ ಗಣೆ ಕೇಳುತ್ತಿದ್ದಂತೆ ತಲೆಯ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಹಾಕಿಕೊಂಡ.

ಜುಂಜಮ್ಮ ಒಳಗೆ ಮರಿ ಕೂಡುತ್ತಿದ್ದಳು. ಮುಳ್ಳುಬೇಲಿ ಎದೆಮಟ್ಟಕ್ಕಿಂತ ಎತ್ತರ. ನಾವು ಅವಳಿಗೆ ಕಾಣುತ್ತಿರಲಿಲ್ಲ, ಯಂತ್ರವೂ ಕಾಣುತ್ತಿರಲಿಲ್ಲ. ಗಣೆ ಕೇಳಿ ಅವಳು ನಿಂತಿರಬೇಕು. ಮರಿಗಳು ಅರಚುತ್ತಿದ್ದವು. ಆಮೇಲೆ ಆ ಕೂಗು ಬಂತು. ಮೊದಲನೆಯದಕ್ಕೆ ಒಳಗೆ ಸದ್ದಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದು ಮುಗಿಯುತ್ತಿದ್ದಂತೆ ಒಳಗಿನಿಂದ 'ಓ' ಎಂದಳು ಗಂಗಣ್ಣ. ಅಂಥ 'ಓ'ವನ್ನು ನಾನು ಕೇಳಿಲ್ಲ. ಮದುವಣಗಿತ್ತಿಯ ಗಂಟಲು.

ಬೇಲಿಯ ಮುಳ್ಳು ಸರಿಸಿಕೊಂಡು ಓಡಿ ಬಂದಳು. 'ಎಲ್ಲವ್ರೆ? ಯಾವ್ ಕಡೀಕೋದ್ರು?' ಎಂದಳು. ಬೋರಣ್ಣ ತಲೆ ಎತ್ತಲಿಲ್ಲ. ನಾನು ರೆಕಾರ್ಡರ್ ತೋರಿಸಿದೆ. ಇದರಲ್ಲಿರುವ ಧ್ವನಿ ತಾಯಿ, ಹಳೆಯದು ಎಂದೆ. ಅವಳು ಯಂತ್ರವನ್ನು ನೋಡಿದಳು, ನನ್ನನ್ನು ನೋಡಿದಳು.

'ಪೆಟ್ಗೆ ನಿಮ್ದೇ ಇರ್ಬೋದು ಮೇಷ್ಟ್ರೇ. ಕೂಗಿದ್ದು ಅವ್ರು. ಮೂರ್ ಸಲ ಕೂಗವ್ರೆ. ನಾನ್ ಬರಾದು ತಡ ಆಯ್ತು ಅಂತ ದೂರ ದೂರಕ್ಕೆ ಓಗ್ತಾ ಕೂಗವ್ರೆ' ಎಂದಳು.

ಮುಖದಲ್ಲಿ ಬೆಳಕು ಬಂದಿತ್ತು. ಅದನ್ನು ನೋಡಿ ನನಗೆ ಭಯವಾಯಿತು.

ಕದಿರಯ್ಯ

*

ಶಿರಾ
2-12-1985

ಕದಿರಿ,

ನಿನ್ನ ಕಾಗದ ಓದಿ ಅನ್ನ ಇಳಿಯಲಿಲ್ಲ. ಆದರೂ ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ನಾಲ್ಕು ದಿನ ಹೋದರೆ ಅವಳಿಗೇ ತಿಳಿಯುತ್ತದೆ. ರೇಡಿಯೋ ಬಂದ ಹೊಸದರಲ್ಲಿ ನಮ್ಮಜ್ಜಿಯೂ ಅದರೊಳಗಿನವರಿಗೆ ಊಟವಾಯಿತೇ ಎಂದು ಕೇಳುತ್ತಿದ್ದಳು. ಆಮೇಲೆ ಅವಳೇ ಕಿವಿ ಹಿಂಡಿ ಬಂದ್ ಮಾಡುವುದನ್ನು ಕಲಿತಳು.

ಆ ಕೂಗನ್ನು ತೆಗೆ ಎಂದು ಮಾತ್ರ ಹೇಳಬೇಡ. ಜಯರಾಮಯ್ಯ ಹೊದಿಕೆಗೆ ಚಿತ್ರ ಬರೆಸಿಯಾಗಿದೆ. ಅದಿಲ್ಲದೆ ಆ ಹಾಡಿಗೆ ಜೀವವಿಲ್ಲ. ನಾನು ಕೈಯಾರೆ ಮಾಡಿದ ಪೆಟ್ಟಿಗೆ ಕೊನೆಗೂ ಒಂದು ದೊಡ್ಡ ಕೆಲಸ ಮಾಡಿದೆ ಎಂದುಕೊಂಡಿದ್ದೆ. ಹುಚ್ಚಣ್ಣ ನನಗೂ ಗೆಳೆಯನೇ.

ಬೇಸರದಲ್ಲಿ,
ಗಂಗ

*

ಬಲಸಮುದ್ರ
5-1-1986

ಗಂಗಣ್ಣ,

ನಾಲ್ಕು ದಿನವಲ್ಲ, ತಿಂಗಳ ಮೇಲಾಯಿತು. ಜುಂಜಮ್ಮ ದಿನವೂ ಎರಡು ಮುದ್ದೆ ಕಟ್ಟುತ್ತಾಳೆ. ಬೈಗಾದರೆ ಮಜ್ಜಿಗೆಯ ಗಡಿಗೆ ಹಿಡಿದು ಗುಡ್ಡದ ಕಡೆ ನಡೆಯುತ್ತಾಳೆ. ಮೊದಮೊದಲು ಕೆರೆಯ ಏರಿಯವರೆಗೆ, ಆಮೇಲೆ ಹಾಳು ಬಾವಿಗಳಿರುವ ಹೊಲದವರೆಗೆ. ಮೊನ್ನೆ ವಳ್ಳೂರು ದಾಟಿ ಹೋಗಿದ್ದಳಂತೆ. ತೋಳ ತಿರುಗುವ ಜಾಗ. ಬೋರಣ್ಣ ಹುಡುಕಿಕೊಂಡು ಹೋಗಿ ಕೈಹಿಡಿದು ಎಳೆತಂದ. ಸಂಕ್ರಾಂತಿ ಕಳೆದ ಮೇಲೆ ಗಡಿ ದಾಟಿ ಹೋಗುತ್ತೇನೆ, ಅವರು ಸಿಗುವವರೆಗೆ ಬರುವುದಿಲ್ಲ ಎಂದು ಹಟ್ಟಿಯಲ್ಲಿ ಹೇಳಿಬಿಟ್ಟಿದ್ದಾಳೆ. ಹೋದರೆ ಅವಳೂ ಬರುವುದಿಲ್ಲ, ಇದು ಬೋರಣ್ಣನಿಗೂ ಗೊತ್ತು, ನನಗೂ ಗೊತ್ತು.

ನಾನು ಬುದ್ಧಿ ಹೇಳಲು ಹೋದೆ. ಸತ್ತವರು ಕೂಗುವುದೂ ಇಲ್ಲ, ಒಂದು ಮೂರು ಎಂಬ ಲೆಕ್ಕವೂ ಇಲ್ಲ, ಇದೆಲ್ಲ ಮೂಢನಂಬಿಕೆ ಎಂದೆ. ಅವಳು ನಿಧಾನವಾಗಿ ಬೇಲಿಯ ಹತ್ತಿರ ಬಂದು ನಿಂತಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

'ಮೇಷ್ಟ್ರೇ, ಅವ್ರು ಓದ ದಿನದಿಂದ ಬೈಗಾದ್ರೆ ಗುಡ್ಡದ್ ಕಡೆಯಿಂದ ಕೂಗ್ತಾರೆ. ದಿನಾ. ಇದೇ ಗಂಟ್ಲು, ಇದೇ ಎಳೆತ. ಆದ್ರೆ ಒಂದೇ ಸಲ. ನಾನು ಸೆರಗು ಬಾಯಿಗೆ ತುರುಕ್ಕೊಂಡು ಕುಂತ್ಕತೀನಿ. ಓ ಅಂದ್ರೆ ಮುಗೀತು ಅಂತ ಗೊತ್ತು. ಇನ್ನೆರಡು ಸಲ ಕೂಗ್ರಪ್ಪ, ಬತ್ತೀನಿ ಅಂತ ಮನಸ್ನಾಗೆ ಬೇಡ್ಕತೀನಿ. ಆರು ವರ್ಸ ಬೇಡ್ಕಂಡೆ. ಈಗ ಕೂಗವ್ರೆ. ಇನ್ನೆಂಗ್ ಕುಂತ್ಕಳಾದು ಏಳ್ರಿ.'

ಟೇಪಿನಲ್ಲಿರುವ ಕೂಗು ಅದೇ ಎಂದು ಅವಳು ಹೇಗೆ ಗುರುತಿಸಿದಳೆಂದು ಈಗ ಅರ್ಥವಾಯಿತು. ಅವಳು ಅದನ್ನು ದಿನವೂ ಕೇಳುತ್ತಿದ್ದಾಳೆ. ಅವಳ ತಲೆಯೊಳಗಿನ ಸದ್ದು ಎಂದು ನಾನು ನಂಬುತ್ತೇನೆ. ಹಾಗೆ ನಂಬಿಕೊಂಡೇ ಅವತ್ತು ಏರಿಯ ಮೇಲೆ ಮನೆಗೆ ಬಂದೆ. ಗುಡ್ಡದ ಕಡೆ ನೋಡಲಿಲ್ಲ.

ಕೂಗನ್ನು ಕಿತ್ತುಹಾಕು. ಇಲ್ಲದಿದ್ದರೆ ನನ್ನ ಗಿಟಾರನ್ನೂ ಕಿತ್ತುಹಾಕು.

ಕದಿರಯ್ಯ

*

ಶಿರಾ
13-1-1986

ಕದಿರಿ,

ಕಿತ್ತುಹಾಕಿದೆ. ತುಮಕೂರಿಗೆ ಹೋಗಿ ನಾನೇ ಕತ್ತರಿ ಹಿಡಿದೆ. ಜಯರಾಮಯ್ಯ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಹೊಸ ಕ್ಯಾಸೆಟ್ ಇದರ ಜೊತೆಗಿದೆ. ಗಣೆ ನಿಲ್ಲುತ್ತದೆ, ತಟ್ಟನೆ ನಿನ್ನ ಗಿಟಾರ್ ಶುರುವಾಗುತ್ತದೆ. ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗಿದೆ.

ನಾಳೆ ಹಬ್ಬ, ಯಾವುದರಲ್ಲೂ ಮನಸ್ಸಿಲ್ಲ. ಅಂಗಡಿಯಲ್ಲಿ ಗಿಣಿ ಪೆಟ್ಟಿಗೆಯನ್ನು ನೋಡಿದರೆ ಒದೆಯಬೇಕೆನಿಸುತ್ತದೆ. ಅದರ ತಪ್ಪೇನಿದೆ, ಹೇಳಿದ್ದನ್ನು ಹೇಳುವುದಷ್ಟೇ ಅದಕ್ಕೆ ಗೊತ್ತು. ಬದುಕಿದ್ದವನ ಕೂಗೋ ಸತ್ತವನದೋ ಅದಕ್ಕೇನು ಗೊತ್ತು.

ಅವಳು ಹೋಗದ ಹಾಗೆ ನೋಡಿಕೋ. ನಿನ್ನ ಕಾಲು ಹಿಡಿಯುತ್ತೇನೆ.

ಗಂಗ

*

ಬಲಸಮುದ್ರ
6-2-1986

ಗಂಗಣ್ಣ,

ಜುಂಜಮ್ಮ ಹೋಗಿಲ್ಲ. ಹೋಗಲು ಬುತ್ತಿ ಕಟ್ಟಿದ್ದಳು. ನೀನು ಕಳಿಸಿದ ಕ್ಯಾಸೆಟ್ ಹಿಡಿದು ಓಡಿದೆ. ನೋಡು ತಾಯಿ, ಕೂಗು ಇದರಲ್ಲಿಲ್ಲ, ನಾವೇ ಹಾಕಿದ್ದು, ನಾವೇ ತೆಗೆದೆವು ಎಂದು ತೋರಿಸಿದೆ. ಅವಳು ಕೇಳಿ ಕೆರಳಿದಳು. 'ಅವ್ರ ಗಂಟ್ಲು ತೆಗಿಯಾಕೆ ನೀವ್ಯಾರು?' ಎಂದಳು. ನ್ಯಾಯವೇ ಅಲ್ಲವೇ?

ಪಾಠ ಮಾಡುವ ಅಭ್ಯಾಸ ಸುಮ್ಮನಿರಲು ಬಿಡಲಿಲ್ಲ. ಒಂದೇ ಕೂಗು ಮೂರಾದದ್ದು ಹೇಗೆ ಎಂದು ವಿವರಿಸಲು ಕೂತೆ. ಟೇಪು, ಹೆಡ್ಡು ಎಂದರೆ ಅವಳಿಗೆ ತಲೆಗೆ ಹೋಗಲಿಲ್ಲ. ಪಾವಗಡದ ಬೆಟ್ಟದ ಬಂಡೆಗೆ ಎದುರಾಗಿ ನಿಂತು ಕುರಿಗಳನ್ನು ಕೂಗಿ ಕರೆದರೆ ಏನಾಗುತ್ತದೆ ಎಂದು ಕೇಳಿದೆ.

'ಬಂಡೆ ತಿರುಗಿ ಕೂಗ್ತದೆ' ಎಂದಳು.

'ಗಂಗಣ್ಣನ ಪೆಟ್ಟಿಗೆಯೊಳಗೆ ಅಂಥದೊಂದು ಬಂಡೆ ಇದೆ ಅಂತ ತಿಳ್ಕೋ.'

ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಕೇಳಿದಳು, 'ಅಂಗಾರೆ ಆಮ್ಯಾಕಿನ ಎರಡೂ ಬಂಡೇದು?'

'ಹೌದು.'

'ಅವ್ರದು ಮೊದ್ಲಿಂದು ಒಂದೇ?'

ನನಗೆ ಹೌದು ಎನ್ನಲು ಬಾಯಿ ಬರಲಿಲ್ಲ. ಹೌದು ಎಂದರೆ ಹುಚ್ಚಣ್ಣ ಸತ್ತ ಎಂದು ಅವಳಿಗೆ ಹೇಳಿದಂತೆಯೇ. ಅವಳೇ ನನ್ನ ಮುಖ ನೋಡಿ ತಿಳಿದುಕೊಂಡಳು. ಬೆಳಕು ಆರಿದ್ದು ನನಗೆ ಕಾಣಿಸಿತು ಗಂಗಣ್ಣ. ಆರಿಸಿದವನು ನಾನೇ. ಅವಳ ಜೀವ ಉಳಿಯಬೇಕಾದರೆ ಬೇರೆ ದಾರಿಯಿರಲಿಲ್ಲ ಎಂದು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಅವಳ ಬೇಡಿಕೆ ಒಂದೇ. ಬಂಡೆ ಇಲ್ಲದ ಹಾಗೆ, ಅವರದಷ್ಟನ್ನೇ ಒಂದು ಸಲ ಅವಳಿಗೆ ಕೇಳಿಸಬೇಕು. ಕತ್ತರಿಸಿದ ಕ್ಯಾಸೆಟ್ಟು ಬೇಡ, ಹುಚ್ಚಣ್ಣನ ಮುಂದೆ ತಿರುಗಿದ ಟೇಪೇ ಬರಬೇಕು. ನಿನ್ನ ಸ್ಪೂಲ್ ಯಂತ್ರ ಹೊತ್ತುಕೊಂಡು ಬಾ. ನನ್ನನ್ನು ಟ್ರೈನಿಂಗಿಗೆಂದು ಮಧುಗಿರಿಗೆ ಹಾಕಿದ್ದಾರೆ, ಮಾರ್ಚ್ ಕೊನೆಯವರೆಗೂ ಅಲ್ಲಿರಬೇಕು. ನಾನಿಲ್ಲದಿದ್ದರೂ ನೀನು ಹೋಗು. ಬೋರಣ್ಣನಿಗೆ ಹೇಳಿದ್ದೇನೆ.

ನಿನ್ನ,
ಕದಿರಿ

*

ಶಿರಾ
3-3-1986

ಪ್ರಿಯ ಕದಿರಿ,

ಮಧುಗಿರಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಹೋಗಿ ಬಂದೆ. ಬಂದು ಎರಡು ದಿನ ಅಂಗಡಿ ತೆಗೆಯಲಿಲ್ಲ.

ಸ್ಪೂಲ್ ಯಂತ್ರಕ್ಕೆ ಕಾರಿನ ಬ್ಯಾಟರಿ ಕಟ್ಟಿಕೊಂಡು ಹೋಗಿದ್ದೆ. ಅಭ್ಯಾಸಬಲ ನೋಡು, ಜೊತೆಗೆ ಚಿಕ್ಕ ರೆಕಾರ್ಡರ್, ಮೈಕು ಕೂಡ ಚೀಲದಲ್ಲಿತ್ತು. ನೀನು ಕೂರುವ ಕಲ್ಲಿನ ಮೇಲೆ ಎಲ್ಲ ಇಟ್ಟೆ. ಹಟ್ಟಿಯವರೆಲ್ಲ ಬೇಲಿಯೊಳಗೆ ಸೇರಿದ್ದರು. ಜುಂಜಮ್ಮ ಮಿಂದು ಒಗೆದ ಸೀರೆ ಉಟ್ಟು ಬೇಲಿಯ ಸಂದಿನ ಹತ್ತಿರ ಕೂತಿದ್ದಳು, ಒಳಗಡೆ. ನನ್ನನ್ನು ಕರೆದು ಕೇಳಿದಳು, 'ಆ ಸಣ್ಣ ಪೆಟ್ಗೇಲಿ ಬಂಡೆ ಐತಾ?'

'ಇಲ್ಲಮ್ಮ, ಇದು ಕೇಳಿಸಿಕೊಳ್ಳೋದಷ್ಟೇ. ಬೇಡ ಅಂದ್ರೆ ಬಂದ್ ಮಾಡ್ತೀನಿ.'

'ಬ್ಯಾಡ. ಕೇಳಿಸ್ಕಳ್ಳಿ ಬುಡಿ. ನಾನು ಓ ಅನ್ನಲಿಲ್ಲ ಅಂತ ಅದ್ಕೂ ಗೊತ್ತಿರ್ಲಿ.'

ಹೊತ್ತು ಇಳಿಯಿತು. ಹಾಕಪ್ಪ ಎಂದು ಬೋರಣ್ಣ ಕೈ ಮಾಡಿದ. ನಾನು ಗಣೆಯನ್ನು ಕೊನೆಯ ಎಳೆತದಿಂದ ಶುರು ಮಾಡಿದೆ. ನಿಂತಿತು. ಬಿದಿರು ಕಲ್ಲಿಗೆ ತಾಗಿದ ಸದ್ದು. 'ಜುಂಜೀ...' ಎಂದ. ಟೇಪು ಮುಗಿದು ಸ್ಪೂಲು ಪಟಪಟ ಬಡಿದುಕೊಂಡಿತು, ಅದನ್ನು ಕೈಯಿಂದ ಹಿಡಿದು ನಿಲ್ಲಿಸಿದೆ.

ಆಮೇಲೆ ಏನೂ ಇಲ್ಲ ಕದಿರಿ. ಎಲ್ಲರೂ ಕಾದೆವು. ನಾನೂ ಕಾದೆ. ಯಂತ್ರ ನಿಲ್ಲಿಸಿದವನು ನಾನು, ಟೇಪಿನಲ್ಲಿ ಮುಂದೆ ಏನೂ ಇಲ್ಲವೆಂದು ಗೊತ್ತಿದ್ದವನೂ ನಾನೇ. ಆದರೂ ಗುಡ್ಡದ ಕಡೆಗೆ ಕಿವಿಯಿಟ್ಟು ಎರಡನೆಯದಕ್ಕೆ ಕಾಯುತ್ತಿದ್ದೆ. ಒಂದು ಕುರಿಯ ಗಂಟೆ ಅಲುಗಿತು. ಬರಲಿಲ್ಲ.

ಜುಂಜಮ್ಮನ ಬಾಯಲ್ಲಿ ಸೆರಗಿತ್ತು. ಅವಳ ಇಡೀ ಮೈ ಆ 'ಓ'ವನ್ನು ಹಿಡಿದುಕೊಂಡು ನಡುಗುತ್ತಿತ್ತು. ನೋಡಲಾರದೆ ನಾನು ಮುಖ ತಿರುಗಿಸಿದೆ. ಎಷ್ಟೋ ಹೊತ್ತಾದ ಮೇಲೆ ಸೆರಗು ತೆಗೆದಳು. ಅಳಲಿಲ್ಲ. ಒಂದೊಂದಾಗಿ ಬಳೆ ಕಳಚಿ ಬೇಲಿಯ ಸಂದಿನಿಂದ ಕೈ ಚಾಚಿ ಕಲ್ಲಿನ ಮೇಲೆ ಇಟ್ಟಳು, ಯಂತ್ರದ ಪಕ್ಕ. ಆಗ ಒಳಗೆ ಹೆಂಗಸರು ಅತ್ತರು. ಮಾರನೆಯ ದಿನ ತಿಥಿಗೆ ಮಾಡಬೇಕಾದ್ದನ್ನೆಲ್ಲ ಬೋರಣ್ಣ ಮಾಡಿದ.

ಚಿಕ್ಕ ರೆಕಾರ್ಡರ್ ಎಲ್ಲವನ್ನೂ ಕೇಳಿಸಿಕೊಂಡಿತ್ತು. ಹೊರಡುವಾಗ ಅವಳನ್ನು ಕೇಳಿದೆ, ಇದನ್ನೇನು ಮಾಡಲಿ ಎಂದು. 'ಪ್ಲೇಟಿಗೆ ಆಕಿ. ಅವ್ರನ್ನ ಬಿಟ್ಟು ನಿಮ್ ಹಾಡು ಯಾಕೆ? ಆದ್ರೆ ಬಂಡೆ ಕೈಲಿ ಕೂಗಿಸ್‌ಬ್ಯಾಡ್ರಿ' ಎಂದಳು.

ಈಗ ಹಾಡು ಹೀಗಿದೆ. ಗಣೆ, ಒಂದು ಕೂಗು, ಆಮೇಲೆ ಹಟ್ಟಿಯ ಆ ಮೌನ, ಕುರಿಯ ಗಂಟೆ, ಕಲ್ಲಿನ ಮೇಲೆ ಬಳೆ ಇಟ್ಟ ಸದ್ದು. ಅದಾದ ಮೇಲೆ ನಿನ್ನ ಗಿಟಾರ್. ಟೇಪು ಖಾಲಿ ಹೋಗಿದೆ ಎಂದು ಜನ ವಾಪಸು ತರುತ್ತಾರೆ ಎಂದು ಜಯರಾಮಯ್ಯ ಗೊಣಗಿದರು. ಪೂರ್ತಿ ಕೇಳಿದ ಮೇಲೆ ಕನ್ನಡಕ ಒರೆಸಿಕೊಂಡು, ಹೀಗೇ ಇರಲಿ ಎಂದರು. ಮಂಡಿಯ ಸಾಬರಿಗೆ ಅಂಗಡಿಯಲ್ಲಿ ಹಾಕಿದೆ. ಆ ಜಾಗ ಬಂದಾಗ ಅವರು ಬೀಡಿ ಸೇದುವುದನ್ನು ನಿಲ್ಲಿಸಿ ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಅವರಿಗೆ ಏನೂ ಹೇಳಿರಲಿಲ್ಲ.

ಗಿಣಿ ಪೆಟ್ಟಿಗೆಯನ್ನು ಬಿಚ್ಚಿ ಬಿಡಿಭಾಗ ಮಾಡಿದೆ.

ನಿನ್ನ,
ಗಂಗ

*

ಬಲಸಮುದ್ರ
20-4-1986

ಪ್ರಿಯ ಗಂಗ,

ಕ್ಯಾಸೆಟ್ ಪಾವಗಡದ ಅಂಗಡಿಗಳಿಗೂ ಬಂದಿದೆ. ಹೊದಿಕೆಯ ಮೇಲೆ ಬಾಲದ ಚುಕ್ಕಿ ಇದೆ, ನಮ್ಮ ನಾಲ್ವರ ಹೆಸರಿದೆ. ಹುಚ್ಚಣ್ಣನದನ್ನು ಮೊದಲು ಹಾಕಿಸಿದ್ದೀಯ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಾತ 'ಏಂ ಸಾರೂ, ಮಧ್ಯದಲ್ಲಿ ನಿಲ್ಲಿಸಿ ಹೆದರಿಸಿಬಿಟ್ರಲ್ಲ' ಎಂದ. ಮತ್ತೆ ಹಾಕಿದ.

ಈ ತಿಂಗಳ ಮೊದಲ ವಾರ ಬೆಳಗಿನ ಜಾವ ಮಕ್ಕಳನ್ನು ಏರಿಯ ಮೇಲೆ ನಿಲ್ಲಿಸಿ ಬಾಲದ ಚುಕ್ಕಿ ತೋರಿಸಿದೆ. ತೆಂಕಣ ದಿಕ್ಕಿನಲ್ಲಿ ಕೆಳಗೆ, ಮಬ್ಬಾಗಿ, ಹಿಂಜಿದ ಹತ್ತಿಯ ಹಾಗೆ ಇತ್ತು. ಜುಂಜಮ್ಮ ಕುರಿಯೊಂದಿಗೆ ಆ ಕಡೆ ಹೋಗುತ್ತಿದ್ದವಳು ದೂರದಲ್ಲಿ ನಿಂತು ನೋಡಿದಳು. 'ಇದೇನಾ ಮೇಷ್ಟ್ರೇ ನಿಮ್ ಪ್ಲೇಟಿನ್ ಮೇಲಿರಾದು? ಇಷ್ಟೇಯಾ?' ಎಂದಳು. ಮಕ್ಕಳೆಲ್ಲ ನಕ್ಕವು. ಅವಳು ನಕ್ಕದ್ದನ್ನೂ ನಾನು ನೋಡಿದೆ.

ಮಕ್ಕಳು ಚದುರಿದ ಮೇಲೆ ಹತ್ತಿರ ಬಂದಳು. ಕೈ ಬರಿದಾಗಿತ್ತು.

'ಅವತ್ತಿಂದ ನಿಂತೋಯ್ತು ಮೇಷ್ಟ್ರೇ' ಎಂದಳು. 'ಬೈಗಾದ್ರೆ ಗುಡ್ಡದ್ ಕಡೆ ಏನೂ ಇಲ್ಲ. ನೆಮ್ದಿ ಆಯ್ತದೆ ಅನ್ಕಂಡಿದ್ದೆ. ಒಂದ್ ಸಲನಾದ್ರೂ ಕೂಗ್ತಿದ್ರು ಆವಾಗ.'

ಅವಳನ್ನು ಉಳಿಸಿದೆವು ಎಂದುಕೊಂಡಿದ್ದೆ. ಅವಳಿಗೆ ಉಳಿದಿದ್ದ ಒಂದನ್ನೂ ನಾವು ತೆಗೆದುಕೊಂಡಿದ್ದೇವೆ.

ಅವತ್ತು ಬೈಗಿಗೆ ರೆಕಾರ್ಡರ್ ತೆಗೆದುಕೊಂಡು ಹೋದೆ. ಕಲ್ಲಿನ ಮೇಲಿಟ್ಟೆ. ಜುಂಜಮ್ಮ ಮುಳ್ಳು ಸರಿಸಿಕೊಂಡು ಹೊರಗೆ ಬಂದಳು, ಯಾರನ್ನೂ ಕೇಳಲಿಲ್ಲ. ಕಲ್ಲಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು, ನಡುವೆ ಯಂತ್ರ. ಬೋರಣ್ಣ ಬೇಲಿಯೊಳಗಿನಿಂದ ನೋಡಿ, ಕುರಿ ಕೂಡಲು ಹೋದ. ಗಣೆ ಮುಗಿಯಿತು. ಕೂಗು ಬಂತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಟೇಪಿನಲ್ಲಿ ಬಳೆಯ ಸದ್ದು ಬಂದಾಗ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ನನ್ನ ಗಿಟಾರ್ ಶುರುವಾಗುವ ಮೊದಲೇ, ಸಾಕು ಎಂದಳು.

ಏಳುವಾಗ ಹೇಳಿದಳು, 'ನಾಳೀಕೂ ಬರ್ರಿ ಮೇಷ್ಟ್ರೇ. ನಾನು ಓ ಅನ್ನಲ್ಲ.'

ದಿನವೂ ಹೋಗುತ್ತಿದ್ದೇನೆ. ಬ್ಯಾಟರಿ ಸೆಲ್ಲು ಬೇಗ ಮುಗಿಯುತ್ತಿವೆ, ಕಂಡಕ್ಟರ್ ಕೈಲಿ ಕಳಿಸು.

ನಿನ್ನ,
ಕದಿರಿ